35 ಸೆಂಟಿನ ಫಸ್ಟ್ ಎಡಿಷನ್‌ಗಳು: ಫಿಲಿಪ್ ಕೆ. ಡಿಕ್‌ನ ಹುಡುಕ್ಕೊಂಡು

ಅಮೆರಿಕಾದ ಸೈನ್ಸ್ ಫಿಕ್ಷನ್ ಲೇಖಕ ಫಿಲಿಪ್ ಕೆ. ಡಿಕ್‌ನ ಫಸ್ಟ್ ಎಡಿಷನ್, ಅಂದ್ರೆ ಮೊದಲ ಸಲ ಅಚ್ಚಾದಾಗಿನ ಪ್ರತಿಗಳನ್ನ, ಕಲೆಕ್ಟ್ ಮಾಡ್ತೀನಿ ಅಂದ ಕೂಡ್ಲೇ ಎಲ್ರೂ ಕೇಳೋದು ಒಂದೇ ಪ್ರಶ್ನೆ, ಬ್ಲೇಡ್ ರನ್ನರ್ ಪುಸ್ತಕ ಇದ್ಯಾ ನಿನ್ ಹತ್ರ ಅಂತ. ಇಲ್ಲ. ಆ ಸಿನಿಮಾಗೆ ಮೂಲವಾದ ‘ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?’ ಕಾದಂಬರಿನ 1968ರಲ್ಲಿ ಡಬಲ್‌ಡೇ ಅವ್ರು ಹಾರ್ಡ್‌ಬ್ಯಾಕಲ್ಲಿ ತಂದ್ರು, ಜಾಕೆಟ್ (ರಟ್ಟಿನ ಮೇಲೆ ಸುತ್ತೋ ಕಾಗದದ ಹೊದಿಕೆ) ಸಮೇತ ಚೆನ್ನಾಗಿರೋ ಪ್ರತಿ ಇವತ್ತು ಸಾವಿರಾರು ಡಾಲರ್, ನಮ್ ಲೆಕ್ಕದಲ್ಲಿ ಲಕ್ಷಗಳು. ಸಿಕ್ಕಿದ್ರೆ ಕಣ್ಣಿಗೊತ್ಕೋತೀನಿ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಡಿಕ್‌ನ ಕಲೆಕ್ಟ್ ಮಾಡೋರು ಅಲ್ಲಿಂದ ಶುರು ಮಾಡ್ಬಾರ್ದು ಅಂತ ನಾನು ಗಟ್ಟಿಯಾಗಿ ನಂಬ್ತೀನಿ, ಯಾಕಂದ್ರೆ ಅವನು ಬದುಕಿದ್ದಾಗ ಅವನ್ನ ಓದಿದ ಜನ ಹಾರ್ಡ್‌ಬ್ಯಾಕ್ ಕೊಂಡು ಶೆಲ್ಫಲ್ಲಿ ಜೋಡಿಸಿಟ್ಕೊಳ್ಳೋ ಜನ ಅಲ್ಲ. ಪೇಪರ್ ಅಂಗಡಿಲಿ, ಬಸ್ ಸ್ಟ್ಯಾಂಡಲ್ಲಿ, ಮೆಡಿಕಲ್ ಸ್ಟೋರಿನ ತಂತಿ ರ‍್ಯಾಕಲ್ಲಿ ನೇತಾಡ್ತಿದ್ದ ಅಗ್ಗದ ಮ್ಯಾಗಜೀನು, ಅಗ್ಗದ ಪೇಪರ್‌ಬ್ಯಾಕು, ಅವನ ಮುಕ್ಕಾಲು ಪಾಲು ಬರವಣಿಗೆ ಮೊದ್ಲು ಬೆಳಕು ಕಂಡಿದ್ದು ಅಲ್ಲಿ. ಅವನ ನಿಜವಾದ ಫಸ್ಟ್ ಎಡಿಷನ್‌ಗಳು ಅವೇ.

ಇವತ್ತು ಲೈಬ್ರರಿ ಆಫ್ ಅಮೆರಿಕಾ ಅನ್ನೋ ಅತಿ ಗೌರವದ ಸರಣಿಲಿ ಅವನಿದಾನೆ. 2007ರಲ್ಲಿ ಜೊನಾಥನ್ ಲೆಥೆಮ್ ಸಂಪಾದಿಸಿದ ಮೊದಲ ಸಂಪುಟ ಬಂತು, ತೆಳ್ಳನೆ ಒಳ್ಳೆ ಪೇಪರು, ಬಟ್ಟೆ ಬೈಂಡು, ಒಳಗೆ ರಿಬ್ಬನ್ನು. ನನಗದು ತುಂಬಾ ಖುಷಿ ಕೊಟ್ಟ ಸುದ್ದಿ. ಆದ್ರೆ ಅವನ ಕಾದಂಬರಿಗಳನ್ನ 1950, 60ರ ದಶಕದ ರೂಪದಲ್ಲಿ ಕೈಲಿ ಹಿಡ್ಕೊಂಡು ಓದಿದಾಗ ಬೇರೆ ಏನೋ ಗೊತ್ತಾಗತ್ತೆ, ಈ ಮನುಷ್ಯ ಎಂಥಾ ಜಾಗದಲ್ಲಿ, ಎಂಥಾ ಅವಸರದಲ್ಲಿ, ಯಾರ್ ಯಾರ ಕತ್ತರಿ ಕೆಳಗೆ ಕೂತು ಇಷ್ಟೆಲ್ಲಾ ಬರೆದ ಅನ್ನೋದು.

ಮ್ಯಾಗಜೀನಿಂದ ಶುರು ಮಾಡ್ತೀನಿ. ಡಿಕ್ ಹುಟ್ಟಿದ್ದು 1928ರ ಡಿಸೆಂಬರ್ 16, ಶಿಕಾಗೋದಲ್ಲಿ, ಬೆಳೆದಿದ್ದು ಹೆಚ್ಚಾಗಿ ಕ್ಯಾಲಿಫೋರ್ನಿಯಾದ ಬರ್ಕ್ಲಿಲಿ. ಅಲ್ಲಿ ರೇಡಿಯೋ, ಗ್ರಾಮಫೋನ್ ರೆಕಾರ್ಡ್ ಮಾರೋ ಅಂಗಡಿಲಿ ಕೆಲ್ಸ ಮಾಡ್ಕೊಂಡಿದ್ದ. ಅದೇ ಊರಲ್ಲಿ ಆಂತೊನಿ ಬೌಚರ್ ಅನ್ನೋ ಸಂಪಾದಕ ತನ್ನ ಮನೇಲಿ ಬರವಣಿಗೆ ಕ್ಲಾಸ್ ನಡೆಸ್ತಿದ್ದ, ಮ್ಯಾಗಜೀನ್ ಆಫ್ ಫ್ಯಾಂಟಸಿ ಅಂಡ್ ಸೈನ್ಸ್ ಫಿಕ್ಷನ್ನಿನ (ಚಿಕ್ಕದಾಗಿ ಎಫ್ ಅಂಡ್ ಎಸ್ಎಫ್) ಇಬ್ಬರು ಸಂಪಾದಕರಲ್ಲಿ ಒಬ್ಬ ಅವನು. ಡಿಕ್ ಮೊದಲು ಮಾರಿದ ಕಥೆ ‘ರೂಗ್’ 1951ರಲ್ಲಿ ಹೋಗಿದ್ದು ಅವನ ಕೈಗೇ. ಮನೆ ಕಾಯೋ ನಾಯಿಗೆ ಕಸ ತಗೊಂಡು ಹೋಗೋರು ಬೇರೆ ಲೋಕದ ಜೀವಿಗಳ ಥರ ಕಾಣ್ತಾರೆ, ಅದು ಬೊಗಳಿ ಬೊಗಳಿ ಎಚ್ಚರಿಸ್ತಾ ಇರತ್ತೆ, ಮನೆಯೋರಿಗೆ ಮಾತ್ರ ಅದು ಬರೀ ಗಲಾಟೆ. ಇಷ್ಟು ಚಿಕ್ಕ ಕಥೇಲೇ ಮುಂದಿನ 30 ವರ್ಷದ ಡಿಕ್ ಪೂರ್ತಿ ಇದಾನೆ ನೋಡಿ, ಒಬ್ಬನಿಗೆ ಕಾಣೋ ಸತ್ಯ ಇನ್ಯಾರಿಗೂ ಕಾಣದೆ ಇರೋದು, ಅವನೇ ಹುಚ್ಚನ ಥರ ಕಾಣೋದು.

ಆದ್ರೆ ಮೊದಲು ಮಾರಿದ್ದು ಮೊದಲು ಅಚ್ಚಾಗ್ಲಿಲ್ಲ. ರೂಗ್ ಬಂದಿದ್ದು 1953ರ ಫೆಬ್ರವರಿ ಸಂಚಿಕೇಲಿ, ಅಷ್ಟೊತ್ತಿಗೆ 1952ರ ಜುಲೈ ಪ್ಲಾನೆಟ್ ಸ್ಟೋರೀಸಲ್ಲಿ ‘ಬಿಯಾಂಡ್ ಲೈಸ್ ದ ವಬ್’ ಬಂದಾಗಿತ್ತು. ಹಾಗಾಗಿ ಡಿಕ್ ಕಲೆಕ್ಟರ್‌ಗಳಿಗೆ ಆ ಜುಲೈ ಸಂಚಿಕೆ ಅಂದ್ರೆ ಮೊದಲ ಮೆಟ್ಟಿಲು. ಪ್ಲಾನೆಟ್ ಸ್ಟೋರೀಸ್ ಪಕ್ಕಾ ಪಲ್ಪ್ ಮ್ಯಾಗಜೀನು, ದೊಡ್ಡ ಸೈಜು, ಒರಟು ಪೇಪರು, ಮುಖಪುಟದ ಮೇಲೆ ಕಣ್ಣು ಕುಕ್ಕೋ ಬಣ್ಣ. ಅಂಥಾ ಪತ್ರಿಕೆ ಒಳಗೆ, ಗ್ರಹದಿಂದ ಗ್ರಹಕ್ಕೆ ಹಾರಿ ಹೊಡೆದಾಡೋ ಕಥೆಗಳ ನಡುವೆ, ಮಂಗಳ ಗ್ರಹದಲ್ಲಿ ಊಟಕ್ಕೆ ಅಂತ ಕೊಂಡ ಹಂದಿಯಂಥಾ ಪ್ರಾಣಿಯೊಂದು ಹಡಗಿನ ಜನರ ಜೊತೆ ತತ್ವಶಾಸ್ತ್ರ ಮಾತಾಡೋ ಕಥೆ. ಕ್ಯಾಪ್ಟನ್‌ಗೆ ಅದನ್ನ ತಿನ್ನೋದೇ ಯೋಚನೆ. ಪುಸ್ತಕದಲ್ಲಿ ಓದಿದಾಗ ಇದು ಜಾಣ ಕಥೆ ಅನ್ಸಿತ್ತು, ಆ ಪತ್ರಿಕೆಲಿ ಅಕ್ಕಪಕ್ಕದ ಕಥೆಗಳ ಜೊತೆ ಓದಿದಾಗ ಇಂಥದ್ದನ್ನ ಇಲ್ಲಿ ತಂದು ಹಾಕೋಕೆ ಎಷ್ಟು ಧೈರ್ಯ ಬೇಕಿತ್ತು ಅಂತ ಅರ್ಥ ಆಯ್ತು.

ಆಮೇಲೆ 1953. ಆ ವರ್ಷ ಒಂದರಲ್ಲೇ ಅವನ ಸುಮಾರು 30 ಕಥೆ ಅಚ್ಚಾಗಿವೆ, ಮುಂದಿನ ವರ್ಷನೂ ಹೆಚ್ಚೂಕಮ್ಮಿ ಅಷ್ಟೇ. ಜೂನ್ 1953 ಅನ್ನೋ ತಿಂಗಳಂತೂ ನನಗೆ ತುಂಬಾ ಇಷ್ಟ, ಆಸ್ಟೌಂಡಿಂಗಲ್ಲಿ ‘ಇಂಪೋಸ್ಟರ್’, ಗ್ಯಾಲಕ್ಸಿಲಿ ‘ಕಾಲೊನಿ’, ಇಮ್ಯಾಜಿನೇಷನ್ನಲ್ಲಿ ‘ಪೇಚೆಕ್’, ಮೂರೂ ಅದೇ ತಿಂಗಳ ಸಂಚಿಕೆಗಳು, ಒಬ್ಬನೇ ಲೇಖಕ, ಇನ್ನೂ 25 ವರ್ಷ ತುಂಬಿಲ್ಲ. ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡೋದ್ರಲ್ಲಿ ಇರೋ ಸಂತೋಷ ನನಗೆ ಒಂದು ದುಬಾರಿ ಹಾರ್ಡ್‌ಬ್ಯಾಕ್ ಕೊಡಲ್ಲ. ಆಸ್ಟೌಂಡಿಂಗಿನ ಸಂಪಾದಕ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್‌ಗೆ ಡಿಕ್ ಬರವಣಿಗೆ ಹಿಡಿಸ್ತಿರ್ಲಿಲ್ಲ, ಆ ಪತ್ರಿಕೇಲಿ ಬಂದ ಅವನ ಕಥೆ ಅದೊಂದೇ. ಗ್ಯಾಲಕ್ಸಿಯ ಹೊರೇಸ್ ಗೋಲ್ಡ್ ಕಥೆ ಬೇರೆ, ಅವನು ಡಿಕ್ ಕಥೆಗಳನ್ನ ಇಷ್ಟಪಟ್ಟು ತಗೋತಿದ್ದ, ಆದ್ರೆ ಕೇಳ್ದೆ ಹೇಳ್ದೆ ತಾನೇ ತಿದ್ದಿಬಿಡ್ತಿದ್ದ, ಹೊಸ ಸೀನು ಸೇರಿಸೋದು, ಕೊನೆ ಬದಲಾಯಿಸೋದು. ಡಿಕ್ ಸಿಟ್ಟಾಗಿ ಅವನಿಗೆ ಕಥೆ ಕಳ್ಸೋದೇ ನಿಲ್ಲಿಸಿದ್ದ. ಆಗಿನ ಕಾಲಕ್ಕೆ ಚೆನ್ನಾಗಿ ದುಡ್ಡು ಕೊಡ್ತಿದ್ದ ಪತ್ರಿಕೆ ಅದು, ಬಡ ಲೇಖಕ ಒಬ್ಬ ಅದನ್ನ ಬಿಟ್ಟ ಅಂದ್ರೆ ಆ ತಿದ್ದುಪಡಿ ಎಷ್ಟು ನೋಯಿಸಿರ್ಬೇಕು.

ಇವತ್ತು ಸಿನಿಮಾಗಳಿಂದಾಗಿ ಪ್ರಸಿದ್ಧವಾಗಿರೋ ಕಥೆಗಳ ಮೊದಲ ಸಂಚಿಕೆಗಳಿಗೆ ರೇಟು ಜಾಸ್ತಿ. ಸ್ಪೇಸ್ ಸೈನ್ಸ್ ಫಿಕ್ಷನ್ ಮೇ 1953ರ ‘ಸೆಕೆಂಡ್ ವೆರೈಟಿ’, ಫೆಂಟಾಸ್ಟಿಕ್ ಯೂನಿವರ್ಸ್ ಜನವರಿ 1956ರ ‘ದ ಮೈನಾರಿಟಿ ರಿಪೋರ್ಟ್’, ಎಫ್ ಅಂಡ್ ಎಸ್ಎಫ್ ಏಪ್ರಿಲ್ 1966ರ ‘ವಿ ಕ್ಯಾನ್ ರಿಮೆಂಬರ್ ಇಟ್ ಫಾರ್ ಯೂ ಹೋಲ್‌ಸೇಲ್’, ಕೊನೇದು ಟೋಟಲ್ ರೀಕಾಲ್ ಸಿನಿಮಾದ ಮೂಲ. ಹೊಸಬರು ಯಾರಾದ್ರೂ ಕೇಳಿದ್ರೆ ನಾನು ಈ ಏಪ್ರಿಲ್ 1966 ಸಂಚಿಕೆ ಇಂದಾನೇ ಶುರು ಮಾಡಿ ಅಂತೀನಿ. ಎಫ್ ಅಂಡ್ ಎಸ್ಎಫ್‌ಗೆ ಚಂದಾದಾರರು ಜಾಸ್ತಿ ಇದ್ರು, ಜನ ಜೋಪಾನವಾಗಿ ಇಟ್ಕೊಂಡಿದ್ರು, ಅದಕ್ಕೇ ಚೆನ್ನಾಗಿರೋ ಪ್ರತಿ ಈಗ್ಲೂ ಸಿಗತ್ತೆ, ಬೆಂಗ್ಳೂರಲ್ಲಿ ಒಂದು ಕುಟುಂಬ ಹೋಟೆಲಲ್ಲಿ ಊಟ ಮಾಡೋ ಖರ್ಚಲ್ಲಿ ಸಿಗೋದೂ ಉಂಟು, ಶಿಪ್ಪಿಂಗ್ ಬಿಟ್ಟು.

ಇನ್ನೊಂದು ಸಂಚಿಕೆ ಕಥೆ ಹೇಳ್ಲೇಬೇಕು. ಆರ್ಬಿಟ್ ಸೈನ್ಸ್ ಫಿಕ್ಷನ್ ಅನ್ನೋ ಸಣ್ಣ ಪತ್ರಿಕೆ, ಕೆಲವೇ ಸಂಚಿಕೆ ಬಂದು ನಿಂತೋಯ್ತು. 1954ರ ಸೆಪ್ಟೆಂಬರ್-ಅಕ್ಟೋಬರ್ ಸಂಚಿಕೇಲಿ ಡಿಕ್‌ನ ‘ಅಡ್ಜಸ್ಟ್‌ಮೆಂಟ್ ಟೀಮ್’ ಬಂದಿತ್ತು. ಆಗಿನ ಅಮೆರಿಕಾದ ಕಾನೂನು ಪ್ರಕಾರ ಕಾಪಿರೈಟ್ 28 ವರ್ಷಕ್ಕೆ, ಮುಂದುವರಿಸ್ಬೇಕು ಅಂದ್ರೆ ಸರಿಯಾದ ಟೈಮಿಗೆ ರಿನ್ಯೂ ಮಾಡಿಸ್ಬೇಕಿತ್ತು. 2011ರಲ್ಲಿ ಈ ಕಥೆ ಆಧರಿಸಿ ದ ಅಡ್ಜಸ್ಟ್‌ಮೆಂಟ್ ಬ್ಯೂರೋ ಸಿನಿಮಾ ಬಂದ್ಮೇಲೆ, ಇದು 1954ರಲ್ಲೇ ಅಚ್ಚಾಗಿದೆ, ಸರಿಯಾಗಿ ರಿನ್ಯೂ ಆಗಿಲ್ಲ, ಹಾಗಾಗಿ ದುಡ್ಡು ಕೊಡೋ ಹಾಗಿಲ್ಲ ಅಂತ ಸಿನಿಮಾದೋರು, ಇಲ್ಲ ಕೊಡ್ಲೇಬೇಕು ಅಂತ ಡಿಕ್ ವಾರಸುದಾರರು, ಕೋರ್ಟು ಮೆಟ್ಟಿಲು ಹತ್ತೋವರೆಗೂ ಹೋಯ್ತು. ಯಾರೂ ಕೇಳದ ಪತ್ರಿಕೆಯ ಒಂದು ಹಳೇ ಸಂಚಿಕೆ, ಅದರ ತಾರೀಖು, ಅಷ್ಟು ವರ್ಷ ಆದ್ಮೇಲೆ ಕೋಟಿಗಳ ವ್ಯವಹಾರದ ಮಧ್ಯೆ ಬಂದು ನಿಂತಿತ್ತು. ಮ್ಯಾಗಜೀನ್ ಸಂಚಿಕೆ ಯಾಕೆ ಮುಖ್ಯ ಅಂತ ಕೇಳೋರಿಗೆ ನಾನು ಈ ಉದಾಹರಣೆ ಕೊಡ್ತೀನಿ. ಅದೇ ರಿನ್ಯೂ ಆಗದ ಕಾರಣಕ್ಕೆ ವಬ್, ಸೆಕೆಂಡ್ ವೆರೈಟಿ, ದ ವೇರಿಯಬಲ್ ಮ್ಯಾನ್ ಇವೆಲ್ಲಾ ಪ್ರಾಜೆಕ್ಟ್ ಗುಟೆನ್‌ಬರ್ಗಲ್ಲಿ ಫ್ರೀಯಾಗಿ ಓದೋಕೆ ಇವೆ. ದುಡ್ಡು ಹಾಕೋ ಮುಂಚೆ ಅಲ್ಲಿ ಓದಿ ನೋಡಿ, ಇಷ್ಟ ಆದ ಕಥೆಯ ಸಂಚಿಕೆನೇ ಹುಡುಕಿ, ಪ್ರಸಿದ್ಧವಾದದ್ದನ್ನಲ್ಲ.

ಈಗ ಪುಸ್ತಕಗಳಿಗೆ ಬರೋಣ. ಡಿಕ್‌ನ ಮೊದಲ ಕಾದಂಬರಿ ‘ಸೋಲಾರ್ ಲಾಟರಿ’ 1955ರಲ್ಲಿ ಬಂದಿದ್ದು ಏಸ್ ಅನ್ನೋ ಪ್ರಕಾಶಕರಿಂದ, ಏಸ್ ಡಬಲ್ ಆಗಿ, ನಂಬರ್ ಡಿ-103. ಏಸ್ ಡಬಲ್ ನೋಡಿಲ್ದೇ ಇರೋರಿಗೆ ಹೇಳ್ತೀನಿ, ಒಂದೇ ಬೈಂಡಲ್ಲಿ ಎರಡು ಕಾದಂಬರಿ, ಒಂದು ಕಡೆಯಿಂದ ಒಂದು ಓದಿ ಮುಗಿಸಿ ಪುಸ್ತಕ ತಿರುಗಿಸಿ ತಲೆಕೆಳಗೆ ಮಾಡಿದ್ರೆ ಇನ್ನೊಂದು ಮುಖಪುಟ, ಇನ್ನೊಂದು ಕಾದಂಬರಿ. ಹಿಂಬದಿ ಅನ್ನೋದೇ ಇಲ್ಲ. ಬೆಲೆ 35 ಸೆಂಟು. ಸೋಲಾರ್ ಲಾಟರಿ ಜೊತೆಗಿರೋದು ಲೀ ಬ್ರಾಕೆಟ್‌ಳ ‘ದ ಬಿಗ್ ಜಂಪ್’. ಅಂದ್ರೆ ನೀವು ಡಿಕ್‌ನ ಮೊದಲ ಕಾದಂಬರಿಯ ಫಸ್ಟ್ ಎಡಿಷನ್ ಕೊಂಡ್ರೆ ಬ್ರಾಕೆಟ್‌ದೂ ಮನೆಗೆ ಬರತ್ತೆ, ಬಿಡಿಸೋಕಾಗಲ್ಲ. 1956ರ ‘ದ ವರ್ಲ್ಡ್ ಜೋನ್ಸ್ ಮೇಡ್’ ಡಿ-150, ಜೊತೆಗೆ ಮಾರ್ಗರೆಟ್ ಸೇಂಟ್ ಕ್ಲೇರ್. ಅದೇ ವರ್ಷದ ‘ದ ಮ್ಯಾನ್ ಹೂ ಜೇಪ್ಡ್’ ಡಿ-193, ಜೊತೆಗೆ ಇ.ಸಿ. ಟಬ್. ‘ದ ಕಾಸ್ಮಿಕ್ ಪಪೆಟ್ಸ್’ 1957ರದ್ದು, ಡಿ-249, ಜೊತೆಗೆ ಆಂಡ್ರ್ಯೂ ನಾರ್ತ್ ಅನ್ನೋ ಹೆಸರಲ್ಲಿ ಬರೀತಿದ್ದ ಆಂಡ್ರೆ ನಾರ್ಟನ್. ಹೀಗೆ ಡಿಕ್‌ನ ಹುಡುಕ್ಕೊಂಡು ಹೋಗಿ ನಾನು ಓದಿದ ಪಕ್ಕದ ಮನೆಯೋರ ಪಟ್ಟಿನೇ ದೊಡ್ಡದಾಗಿದೆ, ಸೇಂಟ್ ಕ್ಲೇರ್ ಬಗ್ಗೆಯಂತೂ ಪ್ರತ್ಯೇಕವಾಗಿ ಬರೀಬೇಕು, ಅಷ್ಟು ಒಳ್ಳೆ ಲೇಖಕಿ.

ಏಸ್‌ನ ಸಂಪಾದಕ ಡೊನಾಲ್ಡ್ ವೊಲ್‌ಹೈಮ್. ಡಿಕ್‌ಗೆ ಅನ್ನ ಕೊಟ್ಟಿದ್ದೂ ಅವನೇ, ಹೆಸರು ಬದಲಾಯಿಸಿ, ಪುಟ ಕತ್ತರಿಸಿ ಹಾಕಿದ್ದೂ ಅವನೇ. ಇಲ್ಲಿ ಫಸ್ಟ್ ಎಡಿಷನ್ ಗುರುತಿಸೋದು ಸುಲಭ, ಒಳಗೆ ಫಸ್ಟ್ ಎಡಿಷನ್ ಅಂತ ಬರೆದಿರಲ್ಲ, ನಂಬರ್ ನೋಡ್ಬೇಕು. ಸೋಲಾರ್ ಲಾಟರಿ 1959ರಲ್ಲಿ ಒಂದೇ ಪುಸ್ತಕವಾಗಿ ಮತ್ತೆ ಬಂದಾಗ ನಂಬರ್ ಡಿ-340, 1968ರಲ್ಲಿ ಜಿ-718. ನಂಬರ್ ಬೇರೆ ಆದ್ರೆ ಮುದ್ರಣ ಬೇರೆ. ಮಾರೋರು ಫೋಟೋದಲ್ಲಿ ಮುಖಪುಟದ ನಂಬರ್ ತೋರಿಸಿಲ್ಲ ಅಂದ್ರೆ ಕೇಳಿ, ಕೊಡ್ಲಿಲ್ಲ ಅಂದ್ರೆ ಬಿಟ್ಬಿಡಿ.

ಇಂಗ್ಲೆಂಡಿನ ಕಡೆ ಇನ್ನೊಂದು ವಿಚಿತ್ರ. ಅಮೆರಿಕಾದಲ್ಲಿ ಡಿಕ್ ಬರೀ ಪೇಪರ್‌ಬ್ಯಾಕಲ್ಲಿದ್ದಾಗಲೇ ಲಂಡನ್ನಿನ ರಿಚ್ ಅಂಡ್ ಕೋವನ್ ಅನ್ನೋ ಪ್ರಕಾಶಕರು ಅವನ್ನ ಹಾರ್ಡ್‌ಬ್ಯಾಕಲ್ಲಿ ತಂದ್ರು. 1955ರ ‘ಎ ಹ್ಯಾಂಡ್‌ಫುಲ್ ಆಫ್ ಡಾರ್ಕ್‌ನೆಸ್’ ಅವನ ಮೊದಲ ಕಥಾ ಸಂಕಲನ, ಅವನ ಮೊದಲ ಹಾರ್ಡ್‌ಬ್ಯಾಕೂ ಅದೇ. ಅದರಲ್ಲೂ ಎರಡು ಬೈಂಡಿಂಗ್, ಮೊದಲನೇದು ನೀಲಿ ರಟ್ಟಿನ ಮೇಲೆ ಬೆಳ್ಳಿ ಅಕ್ಷರ, ಆಮೇಲಿಂದು ಕಿತ್ತಳೆ ರಟ್ಟಿನ ಮೇಲೆ ಕಪ್ಪು ಅಕ್ಷರ. ಜಾಕೆಟ್ಟಿನ ಹಿಂದೆ ಮುಂದಿನ ವರ್ಷದ ‘ವರ್ಲ್ಡ್ ಆಫ್ ಚಾನ್ಸ್’ ಜಾಹೀರಾತು ಇದ್ರೆ ಅದು ಆಮೇಲಿನ ಜಾಕೆಟ್ಟು. ಈ ವರ್ಲ್ಡ್ ಆಫ್ ಚಾನ್ಸ್ ಅನ್ನೋದೇ ಸೋಲಾರ್ ಲಾಟರಿ, ಹೆಸರು ಬೇರೆ, ಹೆಸರಷ್ಟೇ ಅಲ್ಲ ಒಳಗಿನ ಪಠ್ಯನೂ ಬೇರೆ. ಎರಡು ಪ್ರಕಾಶಕರು ಬೇರೆ ಬೇರೆ ತಿದ್ದುಪಡಿ ಕೇಳಿದ್ರು, ಎರಡೂ ಹಾಗೇ ಅಚ್ಚಾದ್ವು. ಹಾಗಾದ್ರೆ ಡಿಕ್‌ನ ಮೊದಲ ಕಾದಂಬರಿ ಯಾವುದು, ಅವನು ನಿಜವಾಗ್ಲೂ ಬರೆದಿದ್ದು ಯಾವುದು ಅಂತ ಕೇಳಿದ್ರೆ ಎರಡೂ ಪುಸ್ತಕ ಮುಂದಿಟ್ಕೊಂಡು ಕೂರೋದೇ ದಾರಿ.

ಪಠ್ಯ ಬೇರೆಬೇರೆ ಇರೋ ಈ ವಿಷ್ಯನೇ ನನ್ನನ್ನ ಕಲೆಕ್ಟರ್ ಮಾಡಿದ್ದು ಅಂದ್ರೂ ತಪ್ಪಿಲ್ಲ. ಬೇರೆ ಲೇಖಕರ ಫಸ್ಟ್ ಎಡಿಷನ್ ಕೊಂಡ್ರೆ ಒಳಗಿರೋದು ಅದೇ ಪುಸ್ತಕ, ಹಳೇ ಪೇಪರಲ್ಲಿ. ಡಿಕ್ ವಿಷಯದಲ್ಲಿ ಹಾಗಲ್ಲ. ಕಾಸ್ಮಿಕ್ ಪಪೆಟ್ಸ್ ಮೊದಲು 1956ರ ಡಿಸೆಂಬರ್ ಸ್ಯಾಟಲೈಟ್ ಸೈನ್ಸ್ ಫಿಕ್ಷನ್ ಸಂಚಿಕೇಲಿ ‘ಎ ಗ್ಲಾಸ್ ಆಫ್ ಡಾರ್ಕ್‌ನೆಸ್’ ಅಂತ ಬಂತು. ‘ಡಾ. ಫ್ಯೂಚ್ಯುರಿಟಿ’ 1954ರ ಥ್ರಿಲ್ಲಿಂಗ್ ವಂಡರ್ ಸ್ಟೋರೀಸಿನ ‘ಟೈಮ್ ಪಾನ್’ ಕಥೆನ ಹಿಗ್ಗಿಸಿ ಬರೆದಿದ್ದು. ‘ಮಾರ್ಷಿಯನ್ ಟೈಮ್-ಸ್ಲಿಪ್’ 1963ರಲ್ಲಿ ವರ್ಲ್ಡ್ಸ್ ಆಫ್ ಟುಮಾರೋ ಪತ್ರಿಕೇಲಿ ‘ಆಲ್ ವಿ ಮಾರ್ಸ್‌ಮೆನ್’ ಅಂತ ಮೂರು ಕಂತಲ್ಲಿ ಬಂದು, 1964ರಲ್ಲಿ ಬ್ಯಾಲಂಟೈನ್ ಪೇಪರ್‌ಬ್ಯಾಕ್ ಆಯ್ತು. ನನ್ನ ಪ್ರಕಾರ ಅವನ ಅತಿ ಒಳ್ಳೆ ಕಾದಂಬರಿ ಅದೇ, ಪ್ರಶಸ್ತಿ ಬಂದ ‘ದ ಮ್ಯಾನ್ ಇನ್ ದ ಹೈ ಕ್ಯಾಸಲ್’ಗಿಂತ್ಲೂ ಒಂದು ಕೈ ಮೇಲೆ, ನೀರಿಗೆ ಪರದಾಡೋ ಮಂಗಳದ ಕಾಲೋನಿ, ಪ್ಲಂಬರ್ ಯೂನಿಯನ್ನು, ಮಾತು ಬರದ ಹುಡುಗ, ಓದಿಲ್ದೇ ಇರೋರು ದಯವಿಟ್ಟು ಓದಿ.

ಇವುಗಳಲ್ಲಿ ಅತಿ ಉದ್ದದ ಕಥೆ ‘ದ ಅನ್‌ಟೆಲಿಪೋರ್ಟೆಡ್ ಮ್ಯಾನ್’ದು. 1964ರ ಡಿಸೆಂಬರ್ ಫೆಂಟಾಸ್ಟಿಕಲ್ಲಿ ನೀಳ್ಗತೆಯಾಗಿ ಬಂತು. ವೊಲ್‌ಹೈಮ್ ಅದನ್ನ ಕಾದಂಬರಿ ಮಾಡಿಕೊಡು ಅಂದ, ಡಿಕ್ ಹೆಚ್ಚೂಕಮ್ಮಿ ಅಷ್ಟೇ ಉದ್ದದ ಇನ್ನೊಂದು ಭಾಗ ಬರೆದು ಕೊಟ್ಟ, ವೊಲ್‌ಹೈಮ್‌ಗೆ ಅದು ಹಿಡಿಸ್ಲಿಲ್ಲ, ಬೇಡ ಅಂದು ಮೊದಲ ಭಾಗವನ್ನಷ್ಟೇ 1966ರಲ್ಲಿ ಏಸ್ ಡಬಲ್ ಆಗಿ ಹಾಕಿದ, ನಂಬರ್ ಜಿ-602. ಉಳಿದರ್ಧ ಹಸ್ತಪ್ರತಿಯಾಗೇ ಉಳೀತು. 1982ರ ಮಾರ್ಚ್ 2ಕ್ಕೆ ಡಿಕ್ ತೀರ್ಕೊಂಡ. 1983ರಲ್ಲಿ ಬರ್ಕ್ಲಿ ಪ್ರಕಾಶನದೋರು ಆ ಉಳಿದ ಭಾಗ ಸೇರಿಸಿ ತಂದ್ರು, ಆದ್ರೆ ಹಸ್ತಪ್ರತಿಲಿ ಕೆಲವು ಹಾಳೆ ಕಳೆದುಹೋಗಿದ್ವು, ಅಲ್ಲಲ್ಲಿ ಕಥೆ ತುಂಡಾಗತ್ತೆ. ಆಮೇಲೆ ನೋಡಿದ್ರೆ ಡಿಕ್ ತಾನೇ ಇದನ್ನ ತಿದ್ದಿ ಇಟ್ಟಿದ್ದ ಇನ್ನೊಂದು ರೂಪ ಇತ್ತು, ಅದನ್ನ 1984ರಲ್ಲಿ ಲಂಡನ್ನಿನ ಗೊಲಾಂಜ್ ‘ಲೈಸ್, ಇಂಕ್.’ ಅಂತ ತಂತು, ಹಾಳೆ ಇಲ್ದೇ ಇರೋ ಜಾಗ ತುಂಬೋಕೆ ಜಾನ್ ಸ್ಲಾಡೆಕ್ ಅನ್ನೋ ಲೇಖಕ ಸಣ್ಣ ಭಾಗಗಳನ್ನ ಬರೆದುಕೊಟ್ಟ. ಆಮೇಲೆ ಕಳೆದ ಹಾಳೆಗಳೂ ಸಿಕ್ಕಿ, 2004ರ ವಿಂಟೇಜ್ ಮುದ್ರಣದಲ್ಲಿ ಅವು ಸೇರಿದ್ವು. ಒಂದೇ ಕಾದಂಬರಿಗೆ ಐದು ರೂಪ, ಅದರಲ್ಲಿ ಒಂದನ್ನೂ ಬೇಡದ್ದು ಅಂತ ಹೇಳೋಕಾಗಲ್ಲ. ನನ್ನ ಶೆಲ್ಫಲ್ಲಿ ಐದೂ ಒಟ್ಟಿಗೇ ಇವೆ, ಅವೆಲ್ಲಾ ಅಗ್ಗದವೇ, ಆದ್ರೆ ಇಡೀ ಕಲೆಕ್ಷನ್ನಲ್ಲಿ ನನಗೆ ತುಂಬಾ ಹತ್ತಿರದ್ದು ಆ ಸಾಲು.

ದೊಡ್ಡ ಹಾರ್ಡ್‌ಬ್ಯಾಕ್‌ಗಳ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ, ಅವುಗಳ ಬಗ್ಗೆ ಎಲ್ಲಾ ಕಡೆ ಸಿಗತ್ತೆ. ‘ಟೈಮ್ ಔಟ್ ಆಫ್ ಜಾಯಿಂಟ್’ 1959ರಲ್ಲಿ ಲಿಪಿನ್‌ಕಾಟಿಂದ, ಅಮೆರಿಕಾದಲ್ಲಿ ಅವನ ಮೊದಲ ಹಾರ್ಡ್‌ಬ್ಯಾಕು, ಸೈನ್ಸ್ ಫಿಕ್ಷನ್ ಅನ್ನೋ ಮಾತೇ ಬೇಡ ಅಂತ ಭಯದ ಕಾದಂಬರಿ ಅನ್ನೋ ಥರ ಮಾರಿದ್ರು. ‘ದ ಮ್ಯಾನ್ ಇನ್ ದ ಹೈ ಕ್ಯಾಸಲ್’ 1962ರಲ್ಲಿ ಪಟ್ನಮ್‌ನಿಂದ, ಮರುವರ್ಷ ಹ್ಯೂಗೋ ಪ್ರಶಸ್ತಿ ಬಂತು. ಇದಕ್ಕೆ ಬುಕ್ ಕ್ಲಬ್ ಮುದ್ರಣನೂ ಇದೆ, ಅಂದ್ರೆ ಕ್ಲಬ್ ಸದಸ್ಯರಿಗೆ ಅಂತ ಬೇರೆ ಅಚ್ಚು ಹಾಕಿದ್ದು, ನೋಡೋಕೆ ಹೆಚ್ಚೂಕಮ್ಮಿ ಒಂದೇ ಥರ, ಜಾಕೆಟ್ ಒಳಮಡಿಕೆಲಿ ಬೆಲೆ ಇದ್ಯಾ ಅಂತ ನೋಡ್ಬೇಕು, ಬುಕ್ ಕ್ಲಬ್ ಪ್ರತಿಗೆ ಬೆಲೆ ಹಾಕ್ತಿರ್ಲಿಲ್ಲ, ಬೆಲೆ ಇರೋ ಮೂಲೆ ಕತ್ತರಿಸಿದ್ರೆ ಅನುಮಾನ ಪಡ್ಬೇಕು. ಡಬಲ್‌ಡೇದು ಸುಲಭ, ಕಾಪಿರೈಟ್ ಪುಟದಲ್ಲೇ ಫಸ್ಟ್ ಎಡಿಷನ್ ಅಂತ ಇರತ್ತೆ, ಮರುಮುದ್ರಣದಲ್ಲಿ ಆ ಸಾಲು ತೆಗೀತಾರೆ. ‘ಉಬಿಕ್’ 1969, ‘ಫ್ಲೋ ಮೈ ಟಿಯರ್ಸ್’ 1974, ‘ಎ ಸ್ಕ್ಯಾನರ್ ಡಾರ್ಕ್‌ಲಿ’ 1977, ಎಲ್ಲಾ ಡಬಲ್‌ಡೇನೇ. ಇವನ್ನ ಹೆಚ್ಚಾಗಿ ಕೊಂಡಿದ್ದು ಲೈಬ್ರರಿಗಳು, ಅದಕ್ಕೆ ಸೀಲು, ಕಾರ್ಡ್ ಪಾಕೆಟ್ಟು ಅಂಟಿಸಿರೋ ಪ್ರತಿಗಳೇ ಜಾಸ್ತಿ. ನನಗೆ ಲೈಬ್ರರಿ ಪ್ರತಿ ಬಗ್ಗೆ ತಕರಾರಿಲ್ಲ, ಯಾರೋ ಸಾಲಾಗಿ ತಗೊಂಡು ಓದಿದಾರಲ್ಲ.

ಮತ್ತೆ 1981ರ ‘ವ್ಯಾಲಿಸ್’. ಅವನ ಕೊನೆಗಾಲದ ಅತಿ ಮುಖ್ಯ ಪುಸ್ತಕ, ಅದೂ ಬ್ಯಾಂಟಮ್ ಪೇಪರ್‌ಬ್ಯಾಕಾಗೇ ಮೊದಲು ಬಂದಿದ್ದು. ಅವನ ಹೆಸರಲ್ಲಿ ಕೊಡೋ ಫಿಲಿಪ್ ಕೆ. ಡಿಕ್ ಪ್ರಶಸ್ತಿ ಇದೆಯಲ್ಲ, ಅದನ್ನ ಅಮೆರಿಕಾದಲ್ಲಿ ಮೊದಲ ಸಲ ಪೇಪರ್‌ಬ್ಯಾಕಲ್ಲೇ ಬಂದ ಸೈನ್ಸ್ ಫಿಕ್ಷನ್ನಿಗೆ ಕೊಡ್ತಾರೆ. ಅವನಿಗೆ ಇದಕ್ಕಿಂತ ಸರಿಯಾದ ಗೌರವ ಇರಲಾರದು ಅನ್ಸತ್ತೆ ನಂಗೆ.

ಬೆಂಗ್ಳೂರಲ್ಲಿ ಕೂತು ಇದನ್ನೆಲ್ಲಾ ಹೇಗೆ ಹುಡುಕ್ತೀರಿ ಅಂದ್ರೆ, ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ, ಅವೆನ್ಯೂ ರೋಡ್ ಕಡೆ ಡಿಕ್ ಸಿಗ್ತಾನೆ, ಆದ್ರೆ ಸಿಗೋದು ಹೆಚ್ಚಾಗಿ ಇಂಗ್ಲೆಂಡಿನ ಮುದ್ರಣ, ಪ್ಯಾಂಥರ್, ಗ್ರಾಫ್ಟನ್ ಥರದ್ದು, ಯಾಕಂದ್ರೆ ನಮ್ ದೇಶಕ್ಕೆ ಪುಸ್ತಕ ಬರ್ತಿದ್ದ ದಾರಿ ಲಂಡನ್ ಮೂಲಕ. ಅವು ಫಸ್ಟ್ ಅಲ್ಲ, ಆದ್ರೆ ಓದೋಕೆ ನಾನು ಇಟ್ಕೊಂಡಿರೋದು ಅವೇ, ಹಳೇ ಏಸ್‌ನ ಪದೇ ಪದೇ ಬಿಚ್ಚಿದ್ರೆ ಬೆನ್ನು ಸೀಳತ್ತೆ. ನಿಜವಾದ ಹುಡುಕಾಟ ಆನ್‌ಲೈನಲ್ಲೇ, ಏಬ್‌ಬುಕ್ಸ್, ಈಬೇ. ಅಮೆರಿಕಾದಿಂದ ನೇರ ತರಿಸಿದ್ರೆ ಪುಸ್ತಕಕ್ಕಿಂತ ಶಿಪ್ಪಿಂಗೇ ಜಾಸ್ತಿ ಆಗೋದ್ರಿಂದ ನಾನು ಅಕ್ಕನ ಮಗನ ಅಡ್ರೆಸ್‌ಗೆ ಕಳಿಸ್ತೀನಿ, ಅವನಿರೋದು ಬರ್ಕ್ಲಿಗೆ ಹತ್ತಿರಾನೇ, ಊರಿಗೆ ಬರೋವಾಗ ಸೂಟ್‌ಕೇಸಲ್ಲಿ ಬಟ್ಟೆ ನಡುವೆ ಇಟ್ಕೊಂಡು ಬರ್ತಾನೆ. ಒಂದ್ಸಲ ಫ್ರಾನ್ಸಿಸ್ಕೋ ಸ್ಟ್ರೀಟಿನ 1126ನೇ ಮನೆ ಮುಂದೆ ಹೋಗಿ ನಿಂತು ಫೋಟೋ ಕಳಿಸಿದ್ದ, ಮಾವ ನಿಮ್ ಡಿಕ್ ಇದ್ದ ಮನೆ ಅಂತ. ಈ ಮೊದಮೊದಲ ಕಥೆಗಳೆಲ್ಲಾ ಅಲ್ಲಿ ಬರೆದಿದ್ದು.

ಮ್ಯಾಗಜೀನ್ ಕೊಳ್ಳೋವಾಗ ಒಂದು ಎಚ್ಚರ, ಆ ಕಾಲದ ಅಮೆರಿಕನ್ ಪತ್ರಿಕೆಗಳಿಗೆ ಬ್ರಿಟಿಷ್ ಮರುಮುದ್ರಣ ಸಂಚಿಕೆಗಳೂ ಇದ್ವು, ಹೆಸರು ಅದೇ, ಮುಖಪುಟನೂ ಎಷ್ಟೋ ಸಲ ಅದೇ, ತಿಂಗಳು ಮಾತ್ರ ಬೇರೆ, ಬೆಲೆ ಶಿಲಿಂಗಲ್ಲಿ. ಸೆಂಟ್ ಅಂತ ಇದ್ಯಾ ನೋಡ್ಕೊಳ್ಳಿ. ಯಾವ ಕಥೆ ಯಾವ ಸಂಚಿಕೆ ಅಂತ ತಿಳ್ಕೊಳ್ಳೋಕೆ ಇಂಟರ್ನೆಟ್ ಸ್ಪೆಕ್ಯುಲೇಟಿವ್ ಫಿಕ್ಷನ್ ಡೇಟಾಬೇಸ್ ಇದೆ, ಪುಸ್ತಕ ರೂಪದಲ್ಲಿ ಬೇಕು ಅಂದ್ರೆ ಡೇನಿಯಲ್ ಲೆವ್ಯಾಕ್ 1981ರಲ್ಲಿ ತಂದ ಬಿಬ್ಲಿಯೋಗ್ರಫಿ ಇದೆ, ಡಿಕ್ ಬದುಕಿದ್ದಾಗಲೇ ಬಂದಿದ್ದು, ಹಾಗಾಗಿ ಆಮೇಲಿನದ್ದು ಅದರಲ್ಲಿ ಇಲ್ಲ. ಡಿಕ್‌ನ ಕೊನೆಗಾಲದ ಕಥೆಗಳಿರೋ ಸಂಚಿಕೆಗಳು ಮಾತ್ರ ಸುಲಭ, ಆಮ್ನಿ ಅಕ್ಟೋಬರ್ 1980, ಪ್ಲೇಬಾಯ್ ಡಿಸೆಂಬರ್ 1980, ಲಕ್ಷಗಟ್ಟಲೆ ಅಚ್ಚಾದ ಪತ್ರಿಕೆಗಳು. ಅವನ ಬಗ್ಗೆ ಪಾಲ್ ವಿಲಿಯಮ್ಸ್ ಬರೆದ ದೊಡ್ಡ ಲೇಖನ ಇರೋ ರೋಲಿಂಗ್ ಸ್ಟೋನ್, 1975ರ ನವೆಂಬರ್ 6ರದ್ದು, ಅದನ್ನೂ ನಾನು ಇದರ ಜೊತೆಗೇ ಇಟ್ಟಿದೀನಿ.

ಕಾಪಾಡೋದು ದೊಡ್ಡ ಕೆಲಸ. ಪಲ್ಪ್ ಪೇಪರು ಮರದ ತಿರುಳಿಂದ ಅಗ್ಗವಾಗಿ ಮಾಡಿದ್ದು, ಅದರಲ್ಲಿರೋ ಲಿಗ್ನಿನ್ನು, ಆಸಿಡ್ಡು ಸೇರಿ ಪೇಪರ್ ತನ್ನನ್ನ ತಾನೇ ಸುಟ್ಕೋತಾ ಹೋಗತ್ತೆ, ಅಂಚು ಕಂದಾಗಿ ಮುಟ್ಟಿದ್ರೆ ಹಪ್ಪಳದ ಥರ ಮುರಿಯತ್ತೆ. ಬೆಳಕು, ಶಾಖ ಇದ್ದಷ್ಟೂ ಬೇಗ. ನಮ್ಮಲ್ಲಿ ಮಳೆಗಾಲದ ತೇವ ಬೇರೆ, ಪಿನ್ನು ತುಕ್ಕು ಹಿಡಿದು ಸುತ್ತ ಕಂದು ಕಲೆ ಆಗತ್ತೆ, ಬೆಳ್ಳಿ ಹುಳ ಅಂಟು ತಿನ್ನೋಕೆ ಬರತ್ತೆ. ನಾನು ಪ್ರತಿ ಸಂಚಿಕೆನೂ ಮೈಲಾರ್ ಅನ್ನೋ ಪ್ಲಾಸ್ಟಿಕ್ ಕವರಲ್ಲಿ, ಹಿಂದೆ ಆಸಿಡ್ ಇಲ್ದಿರೋ ರಟ್ಟು ಇಟ್ಟು, ಮಲಗಿಸಿ ಇಡ್ತೀನಿ, ಹೊರಗಿನ ಗೋಡೆಗೆ ಅಂಟಿದ ಬೀರು ಬೇಡ, ಪೆಟ್ಟಿಗೆಲಿ ಸಿಲಿಕಾ ಜೆಲ್ ಹಾಕಿ ಮಳೆಗಾಲದಲ್ಲಿ ಬದಲಾಯಿಸ್ತೀನಿ. ಸೆಲ್ಲೋಟೇಪ್ ಮಾತ್ರ ಯಾವ ಕಾರಣಕ್ಕೂ ಹಚ್ಬೇಡಿ, ಹರಿದದ್ದು ಹರಿದ ಹಾಗೇ ಇರ್ಲಿ. ನುಸಿಗುಳಿಗೆ ವಾಸನೆ ಪೇಪರಿಗೆ ಹಿಡಿದ್ರೆ ಬಿಡೋದೇ ಇಲ್ಲ.

ಈಗ ಹುಡುಕ್ತಿರೋದು ಅಮೇಜಿಂಗ್ ಸ್ಟೋರೀಸಿನ ಎರಡು ಸಂಚಿಕೆ, ಹುಡುಕ್ತಿದ್ದೆ ಅನ್ಬೇಕು, ಸಿಕ್ಕಿವೆ. ಡಿಕ್ 1962ರ ಸುಮಾರಿಗೆ ಬರೆದ ಒಂದು ಕಾದಂಬರಿ ವರ್ಷಗಟ್ಟಲೆ ಯಾರಿಗೂ ಬೇಡವಾಗಿ ಕೂತಿತ್ತು, 1969ರ ನವೆಂಬರ್, 1970ರ ಜನವರಿ ಅಮೇಜಿಂಗಲ್ಲಿ ‘ಎ. ಲಿಂಕನ್, ಸಿಮ್ಯುಲಾಕ್ರಮ್’ ಅಂತ ಕೊನೆಗೂ ಬಂತು. ಅದರ ಕೊನೆ ಸರಿಯಾಗಿ ಮುಗಿದ ಹಾಗೆ ಅನ್ನಿಸ್ಲಿಲ್ಲ ಅಂತ ಸಂಪಾದಕ ಟೆಡ್ ವೈಟ್ ತಾನೇ ಒಂದು ಕೊನೇ ಅಧ್ಯಾಯ ಬರೆದು ಸೇರಿಸಿದ. 1972ರಲ್ಲಿ ಅದು ‘ವಿ ಕ್ಯಾನ್ ಬಿಲ್ಡ್ ಯೂ’ ಅಂತ ಡಾ (DAW) ಬುಕ್ಸ್ ಪ್ರಕಾಶನದಿಂದ ಪುಸ್ತಕವಾದಾಗ ಆ ಅಧ್ಯಾಯ ತೆಗೆದುಹಾಕಿದ್ರು, ಡಿಕ್ ನಿಲ್ಲಿಸಿದ ಕಡೆಗೇ ನಿಲ್ಸಿದ್ರು. ಆ ಪುಸ್ತಕ ಮುಗಿಯೋ ರೀತಿ ನನಗೆ ತುಂಬಾ ಇಷ್ಟ, ಪ್ರೀತಿ ಕೈಬಿಟ್ಟು ಹೋದ ಮನುಷ್ಯನ್ನ ಅಲ್ಲೇ ಬಿಟ್ಟು ಎದ್ದು ಹೋಗತ್ತೆ, ಸಮಾಧಾನ ಹೇಳಲ್ಲ. ಇನ್ನೊಬ್ಬರು ಅದಕ್ಕೆ ಏನು ಸೇರಿಸಿದ್ರು, ಯಾಕೆ ಸೇರಿಸ್ಬೇಕು ಅನ್ನಿಸ್ತು ಅಂತ ಓದಿ ನೋಡ್ಬೇಕು. ಸಂಚಿಕೆಗಳು ಅಕ್ಕನ ಮಗನ ಮನೆ ತಲುಪಿವೆ, ಡಿಸೆಂಬರಲ್ಲಿ ತರ್ತಾನಂತೆ, ಫೋಟೋ ತೆಗೆದು ಕಳಿಸ್ಲಾ ಅಂದ, ಬೇಡ ಕವರ್ ಬಿಚ್ಬೇಡ ಅಂದಿದೀನಿ.